ಹತ್ತಿದವರ ಹೆಸರು, ಹತ್ತಿಸಿದವರ ಬೆಟ್ಟ



ಇವತ್ತು ಒಂದು ಬೆಟ್ಟದ ಕಥೆ. ಬೋರ್ನಿಯೋ ದ್ವೀಪದ ಉತ್ತರದಲ್ಲಿ, ಮಲೇಷ್ಯಾದ ಸಬಾ ರಾಜ್ಯದಲ್ಲಿರುವ ಕಿನಬಾಲು. ಎತ್ತರ 4,095 ಮೀಟರ್. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ನಿಮಗೆ ಗೊತ್ತಿರಬಹುದು. ರಜೆಗೆ ಊರಿಗೆ ಹೋದಾಗ ಅಪ್ಪ ಅಮ್ಮ ಕರೆದುಕೊಂಡು ಹೋಗಿ ತೋರಿಸಿರುತ್ತಾರೆ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಅಂಥ ಎರಡು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಕಿನಬಾಲು ಇನ್ನೂ ಇನ್ನೂರು ಮೀಟರ್ ಮೇಲೆಯೇ ಇರುತ್ತದೆ.

ಆದರೂ ಇದು ಹಿಮದ ಬೆಟ್ಟವಲ್ಲ. ಆರೋಗ್ಯವಾಗಿರುವ, ಕೆಲವು ವಾರ ಮೆಟ್ಟಿಲು ಹತ್ತಿ ಕಾಲು ಪಳಗಿಸಿಕೊಂಡ ಯಾರಾದರೂ ಎರಡು ದಿನ, ಒಂದು ರಾತ್ರಿಯಲ್ಲಿ ಹತ್ತಿ ಇಳಿಯಬಹುದು. ಅದಕ್ಕೇ ಸಿಂಗಾಪುರದಲ್ಲಿ, ಮಲೇಷ್ಯಾದಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಕಿನಬಾಲು ಅಂದರೆ ಅಚ್ಚುಮೆಚ್ಚು. ಶಾಲೆಗಳೇ ಕರೆದುಕೊಂಡು ಹೋಗುವುದೂ ಉಂಟು.

ಚಾರಣದ ಕ್ರಮ ಹೀಗಿದೆ. ಮೊದಲ ದಿನ ಬೆಳಿಗ್ಗೆ 1,866 ಮೀಟರ್ ಎತ್ತರದ ಟಿಂಪೋಹೋನ್ ಗೇಟಿನಿಂದ ನಡಿಗೆ ಶುರು. ಮಳೆಕಾಡಿನ ನಡುವೆ ಆರು ಕಿಲೋಮೀಟರ್, ಮೆಟ್ಟಿಲ ಮೇಲೆ ಮೆಟ್ಟಿಲು. ಮಧ್ಯಾಹ್ನದ ಹೊತ್ತಿಗೆ ಸುಮಾರು 3,270 ಮೀಟರ್ ಎತ್ತರದಲ್ಲಿರುವ ಪನಲಬಾನ್ ಎಂಬ ಜಾಗದ ವಸತಿಗೃಹ. ಸಂಜೆಯೇ ಊಟ ಮುಗಿಸಿ, ಕತ್ತಲಾಗುತ್ತಿದ್ದ ಹಾಗೆ ಮಲಗಬೇಕು. ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು. ರಾತ್ರಿ ಎರಡು ಗಂಟೆಗೆ ಎದ್ದು, ಹಣೆಗೆ ಟಾರ್ಚ್ ಕಟ್ಟಿಕೊಂಡು, ಬೆತ್ತಲೆ ಬಂಡೆಯ ಮೇಲೆ ಬಿಳಿ ಹಗ್ಗ ಹಿಡಿದು ಹತ್ತಬೇಕು. ಸೂರ್ಯ ಹುಟ್ಟುವ ಹೊತ್ತಿಗೆ ತುದಿಯಲ್ಲಿರಬೇಕು.

ಸೂರ್ಯೋದಯದ ಫೋಟೊಗಾಗಿ ಮಾತ್ರ ರಾತ್ರಿ ಹತ್ತುತ್ತಾರೆ ಅಂದುಕೊಳ್ಳಬೇಡಿ. ಬಿಸಿಲೇರಿದ ಹಾಗೆ ಕಾಡಿನ, ಸಮುದ್ರದ ತೇವವೆಲ್ಲ ಮೇಲಕ್ಕೇರಿ ಮೋಡ ಕಟ್ಟುತ್ತದೆ. ಸಾಮಾನ್ಯವಾಗಿ ಒಂಬತ್ತು ಹತ್ತು ಗಂಟೆಗೆಲ್ಲ ಶಿಖರ ಮುಚ್ಚಿಹೋಗುತ್ತದೆ. ಆಮೇಲೆ ಮಳೆ. ಒದ್ದೆಯಾದ ಗ್ರಾನೈಟ್ ಬಂಡೆ ಪಾಚಿ ಕಟ್ಟಿದ ಬಾವಿಕಟ್ಟೆಯ ಹಾಗೆ. ಮೋಡ ಬರುವ ಮುಂಚೆ ಹತ್ತಿ ಇಳಿದುಬಿಡಬೇಕು. ಅಂದರೆ ರಾತ್ರಿಯೇ ಹೊರಡಬೇಕು.

ಇಲ್ಲಿ ಒಂದು ನಿಯಮವಿದೆ. ಸ್ಥಳೀಯ ಗೈಡ್ ಇಲ್ಲದೆ ಯಾರನ್ನೂ ಮೇಲಕ್ಕೆ ಬಿಡುವುದಿಲ್ಲ. ನೀವು ಎಷ್ಟೇ ಬೆಟ್ಟ ಹತ್ತಿ ಪಳಗಿದ್ದರೂ ಇಲ್ಲ. ಮಲಯ ಭಾಷೆಯಲ್ಲಿ ಇವರಿಗೆ ಮಾಲಿಂ ಗುನುಂಗ್ ಅನ್ನುತ್ತಾರೆ. ಗುನುಂಗ್ ಅಂದರೆ ಬೆಟ್ಟ. ಬಹುತೇಕ ಎಲ್ಲರೂ ಬೆಟ್ಟದ ಬುಡದ ಕಿಯಾವು, ಬುಂಡು ತುಹಾನ್ ಮುಂತಾದ ಊರುಗಳ ದುಸುನ್ ಜನ. ಹುಡುಗರು ಕೇಳುವ ಪ್ರಶ್ನೆ ಒಂದೇ: ದಾರಿಯುದ್ದಕ್ಕೂ ಹಗ್ಗ ಇದೆ, ಫಲಕ ಇದೆ, ಫೋನಿನಲ್ಲಿ ಜಿಪಿಎಸ್ ಇದೆ, ಮತ್ತೆ ಗೈಡ್ ಯಾಕೆ? ದುಡ್ಡು ಮಾಡುವುದಕ್ಕಾ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಸಿಗಬೇಕಾದರೆ ನೂರ ಎಪ್ಪತ್ತು ವರ್ಷಕ್ಕೂ ಹಿಂದೆ ಹೋಗಬೇಕು.

1851ರ ಮಾರ್ಚ್ ತಿಂಗಳು. ಪಕ್ಕದ ಲಬುವಾನ್ ದ್ವೀಪ ಆಗ ಬ್ರಿಟಿಷರ ಪುಟ್ಟ ವಸಾಹತು. ಅಲ್ಲಿನ ಅಧಿಕಾರಿ ಹ್ಯೂ ಲೋ ಎಂಬ 26 ವರ್ಷದ ಯುವಕ ಈ ಬೆಟ್ಟ ಹತ್ತಲು ಹೊರಟ. ಅವನ ತಂದೆ ಲಂಡನ್ನಿನಲ್ಲಿ ಸಸಿಗಳ ನರ್ಸರಿ ಇಟ್ಟಿದ್ದವನು. ಮಗ ಬೋರ್ನಿಯೋಗೆ ಮೊದಲು ಬಂದದ್ದೇ ಗಿಡ ಹುಡುಕಿಕೊಂಡು. ಬೆಟ್ಟದ ಬುಡದ ಕಿಯಾವು ಊರಿಗೆ ಬಂದು ಅಲ್ಲಿಯವರನ್ನು ದಾರಿ ತೋರಿಸಲು ಕೇಳಿದ. ಮುಂದೆ ನಡೆದವನ ಹೆಸರು ಲೆಮಾಯಿಂಗ್.

ಲೆಮಾಯಿಂಗ್‌ಗೆ ಈ ಬೆಟ್ಟ ಬರೀ ಬೆಟ್ಟವಾಗಿರಲಿಲ್ಲ. ಕಿನಬಾಲು ಎಂಬ ಹೆಸರು ಎಲ್ಲಿಂದ ಬಂತು ಅನ್ನುವುದಕ್ಕೆ ಎರಡು ಮೂರು ಕಥೆಗಳಿವೆ. ಗಂಡನಿಗಾಗಿ ಕಾದು ಕಲ್ಲಾದ ಚೀನೀ ವಿಧವೆಯ ಕಥೆ ಪ್ರವಾಸಿಗಳಿಗೆ ಬಲು ಇಷ್ಟ. ದುಸುನ್ ಜನ ಹೇಳುವುದು ಬೇರೆ: ಅಕಿ ನಬಾಲು, ಅಂದರೆ ಹಿರಿಯರು ಇರುವ ಜಾಗ. ಸತ್ತವರ ಆತ್ಮ ಹೋಗಿ ಸೇರುವುದು ಅಲ್ಲಿ. ನಿಮ್ಮ ಅಜ್ಜ, ಮುತ್ತಜ್ಜ ಎಲ್ಲ ಮೇಲೆ ಕೂತಿದ್ದಾರೆ ಅಂದಮೇಲೆ, ಸುಮ್ಮನೆ ನೋಡಿಕೊಂಡು ಬರೋಣ ಅಂತ ಬೂಟು ಹಾಕಿಕೊಂಡು ಹೋಗಲು ಆಗುತ್ತದೆಯೇ? ಹೋಗುವುದಾದರೆ ಹೇಳಿ ಹೋಗಬೇಕು, ಅಪ್ಪಣೆ ಕೇಳಬೇಕು. ಕೋಳಿ, ಮೊಟ್ಟೆ, ವೀಳ್ಯದೆಲೆ ಅರ್ಪಿಸಬೇಕು. ಈಗ ವಸತಿಗೃಹಗಳಿರುವ ಪನಲಬಾನ್ ಎಂಬ ಹೆಸರೇ ಹಾಗೆ ಬಲಿ ಕೊಡುತ್ತಿದ್ದ ಜಾಗದ್ದು. ಲೆಮಾಯಿಂಗ್ ದಾರಿಗೆ ತೆಗೆದುಕೊಂಡ ಸಾಮಾನಿನಲ್ಲಿ ತಾಯಿತ, ರಕ್ಷೆಗಳ ದೊಡ್ಡ ಬುಟ್ಟಿಯೇ ಇತ್ತು. ಲೋಗೆ ಅದು ನಗುವ ವಿಷಯವಾಗಿ ಕಂಡಿತು. ಪ್ರವಾಸದ ಬರಹಗಳಲ್ಲಿ ಇಂಥ ಬುಟ್ಟಿಗಳು ಯಾವಾಗಲೂ ನಗೆಯ ವಿಷಯವೇ.

ಅವತ್ತು ಲೋ ಮೇಲಿನ ಬಂಡೆಯ ಬಯಲು ತಲುಪಿದ. ಅಲ್ಲಿ ಒಂದಲ್ಲ, ಹತ್ತಾರು ಶಿಖರಗಳು ತಲೆಯೆತ್ತಿ ನಿಂತಿವೆ. ಅತಿ ಎತ್ತರದ್ದು ಯಾವುದು ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಅದನ್ನು ಹತ್ತಲು ರೆಕ್ಕೆ ಇರುವ ಪ್ರಾಣಿಗೆ ಮಾತ್ರ ಸಾಧ್ಯ ಎಂಬ ಅರ್ಥದ ಮಾತು ಬರೆದು ಲೋ ಇಳಿದು ಬಂದ. 1858ರಲ್ಲಿ ಸ್ಪೆನ್ಸರ್ ಸೇಂಟ್ ಜಾನ್ ಎಂಬ ಇನ್ನೊಬ್ಬ ಅಧಿಕಾರಿಯ ಜೊತೆ ಮತ್ತೆ ಎರಡು ಸಲ ಬಂದ. ಮೊದಲ ಸಲ ಲೋನ ಕಾಲು ಕೆಟ್ಟು ಸೇಂಟ್ ಜಾನ್ ಒಬ್ಬನೇ ಮುಂದೆ ಹೋದ. ಒಬ್ಬನೇ ಅಂದರೆ, ಬಿಳಿಯನಾಗಿ ಒಬ್ಬನೇ ಅಂತ. ಜೊತೆಯಲ್ಲಿ ಆಳುಗಳು, ಹೊರೆ ಹೊತ್ತವರು, ಕಿಯಾವು ಊರಿನವರು ಎಲ್ಲ ಇದ್ದರು. ಆ ಕಾಲದ ಪುಸ್ತಕಗಳಲ್ಲಿ ಒಬ್ಬನೇ ಎಂಬ ಪದ ಬಂದಾಗ ಸ್ವಲ್ಪ ನಿಂತು ಓದಬೇಕು.

ಎರಡು ಸಲವೂ ಅತಿ ಎತ್ತರದ ತುದಿ ಇಬ್ಬರಿಗೂ ದಕ್ಕಲಿಲ್ಲ. ಆದರೂ ಇವತ್ತು ಆ ತುದಿಯ ಹೆಸರು ಲೋಸ್ ಪೀಕ್. ನೀವು ಹತ್ತಿ ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಜಾಗ, ಅಲ್ಲಿಗೆ ಎಂದೂ ಹತ್ತದವನ ಹೆಸರಿನಲ್ಲಿದೆ. ಬೆಟ್ಟವನ್ನು ಸೀಳಿಕೊಂಡು ಆಳಕ್ಕೆ ಇಳಿಯುವ ಭಾರೀ ಕಮರಿ ಲೋಸ್ ಗಲ್ಲಿ. ಇನ್ನೊಂದು ಶಿಖರ ಸೇಂಟ್ ಜಾನ್ಸ್ ಪೀಕ್. ಲೋಸ್ ಪೀಕ್ ತುದಿಯನ್ನು ಮೊದಲು ಮುಟ್ಟಿದನೆಂದು ದಾಖಲೆ ಇರುವುದು 1888ರಲ್ಲಿ ಜಾನ್ ವೈಟ್‌ಹೆಡ್ ಎಂಬ ಹಕ್ಕಿ ಸಂಗ್ರಹಕಾರನ ಹೆಸರಿನಲ್ಲಿ. ಬೋರ್ನಿಯೋದಲ್ಲಿ ಮಾತ್ರ ಕಾಣುವ ಮೂರು ಚಂದದ ಹಕ್ಕಿಗಳಿಗೆ ಇವನ ಹೆಸರಿದೆ. ಹಕ್ಕಿ ನೋಡುವವರು ಈ ಮೂರನ್ನೂ ಒಂದೇ ಪ್ರವಾಸದಲ್ಲಿ ಕಂಡರೆ ಹಬ್ಬ ಮಾಡುತ್ತಾರೆ. ಅವನೂ ಬೀಡುಬಿಟ್ಟಿದ್ದದ್ದು ಕಿಯಾವು ಊರಿನಲ್ಲೇ. 1910ರಲ್ಲಿ ಬಂದ ಸಸ್ಯವಿಜ್ಞಾನಿ ಲಿಲಿಯನ್ ಗಿಬ್ಸ್, ಈ ಬೆಟ್ಟ ಹತ್ತಿದರೆಂದು ದಾಖಲಾದ ಮೊದಲ ಮಹಿಳೆ.

ದಾಖಲಾದ. ಈ ಪದವನ್ನು ಗಮನಿಸಿ. ಲೋ ಬಂಡೆಯ ಮೇಲೆ ನಿಂತ ದಿನ ಲೆಮಾಯಿಂಗ್‌ನ ಊರಿನವರ ಕಾಲೂ ಅದೇ ಬಂಡೆಯ ಮೇಲಿತ್ತು. ಬರೆದುಕೊಳ್ಳುವವನು ಲೋ ಆಗಿದ್ದರಿಂದ ಹತ್ತಿದವನೂ ಲೋ ಆದ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು ಅಂತ ನಮ್ಮಲ್ಲಿ ಹೇಳುತ್ತಾರೆ. ಲೋ ಕೆಟ್ಟವನೇನಲ್ಲ, ಕಷ್ಟಪಟ್ಟು ನಡೆದ, ಗಿಡಗಳನ್ನು ಪ್ರೀತಿಸಿದ. ಶಿಖರಕ್ಕೆ ಅವನ ಹೆಸರಿಟ್ಟವನೂ ಅವನಲ್ಲ, ಗೆಳೆಯ ಸೇಂಟ್ ಜಾನ್. ಆದರೆ ಲೆಕ್ಕ ಲೆಕ್ಕವೇ.

ನನಗೆ ಈ ಇಡೀ ಇತಿಹಾಸದಲ್ಲಿ ಮರೆಯಲಾಗದ ಚಿತ್ರ ಬೇರೊಂದಿದೆ. 1858ರ ಒಂದು ಬೆಳಿಗ್ಗೆ. ಆಳುಗಳು ಅನ್ನ ಬೇಯಿಸುತ್ತಿದ್ದಾರೆ, ಸಾಹೇಬರಿಬ್ಬರು ಡೇರೆಯ ಮುಂದೆ ಕೂತು ಚಾಕೊಲೇಟ್ ಕುಡಿಯುತ್ತಿದ್ದಾರೆ. ಆಗ ಜೊತೆಯವರಲ್ಲಿ ಒಬ್ಬ ಏನನ್ನೋ ಎತ್ತಿಕೊಂಡು ನೀರು ತರುತ್ತಿರುವುದು ಕಣ್ಣಿಗೆ ಬೀಳುತ್ತದೆ. ಕರೆದು ನೋಡಿದರೆ ಅದು ಕೊಡವಲ್ಲ, ಒಂದು ಗಿಡದ ಹೂಜಿ. ಪಿಚರ್ ಪ್ಲಾಂಟ್ ಅಂತ ನೀವು ಶಾಲೆಯಲ್ಲಿ ಓದಿದ್ದೀರಲ್ಲ, ಕೀಟ ತಿನ್ನುವ ಗಿಡ, ಅದರ ದೈತ್ಯ ಜಾತಿ. ಅಳೆದರೆ ಎರಡು ಲೀಟರಿಗೂ ಹೆಚ್ಚು ನೀರು ಹಿಡಿಯಿತು. ಇನ್ನೊಂದು ಹೂಜಿಯಲ್ಲಿ ಸತ್ತ ಇಲಿ ಸಿಕ್ಕಿತು. ಸೇಂಟ್ ಜಾನ್ ಇದನ್ನೆಲ್ಲ 1862ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಆ ಗಿಡದ ಮಾದರಿ ಇಂಗ್ಲೆಂಡಿಗೆ ಹೋಯಿತು. 1859ರಲ್ಲಿ ಜೋಸೆಫ್ ಹುಕರ್ ಅದಕ್ಕೆ ನೆಪೆಂಥಿಸ್ ರಾಜಾ ಎಂದು ಹೆಸರಿಟ್ಟ. ಆ ರಾಜಾ ಯಾರು ಅಂದರೆ, ಪಕ್ಕದ ಸರವಾಕ್ ಪ್ರಾಂತ್ಯವನ್ನು ಆಳುತ್ತಿದ್ದ ಇಂಗ್ಲಿಷಿನವ ಜೇಮ್ಸ್ ಬ್ರೂಕ್. ಇನ್ನೊಂದು ಜಾತಿಯ ಹೂಜಿ ಗಿಡಕ್ಕೆ ಲೋನ ಹೆಸರು ಸಿಕ್ಕಿತು. ಆ ಹೂಜಿಯಲ್ಲಿ ನೀರು ಹೊತ್ತು ತಂದವನನ್ನು ಪುಸ್ತಕ ಕರೆಯುವುದು ಜೊತೆಯವರಲ್ಲಿ ಒಬ್ಬ ಅಂತ ಮಾತ್ರ.

ಕಿಯಾವು ಜನರ ಬಗ್ಗೆ ಆ ಪುಸ್ತಕದಲ್ಲಿ ದೂರುಗಳೂ ಇವೆ. ದಾರಿ ತೋರಿಸಲು ಹಣ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ, ತಕರಾರು ತೆಗೆಯುತ್ತಾರೆ ಅಂತ. ಈಗ ಯೋಚಿಸಿ. ನಿಮ್ಮ ಹಿರಿಯರ ಮನೆಯೊಳಗೆ ಅಪರಿಚಿತರು ಬಂದೂಕಿನವರ ಸಮೇತ ಬಂದು ಒಳಗೆ ಹೋಗಬೇಕು ಅನ್ನುತ್ತಾರೆ. ಕರೆದುಕೊಂಡು ಹೋದ ಮೇಲೆ ಏನಾದರೂ ಆದರೆ ಊರಿಗೆ ಕೇಡು, ಉತ್ತರ ಹೇಳಬೇಕಾದವರು ನೀವು. ಅದಕ್ಕೊಂದು ಬೆಲೆ ಕೇಳಿದರೆ ದುರಾಸೆಯೇ? ಇವತ್ತು ನಾವು ಕಟ್ಟುವ ಗೈಡ್ ಶುಲ್ಕ, ಪರ್ಮಿಟ್ ಶುಲ್ಕ, ವಿಮೆ ಎಲ್ಲವೂ ಆ ಚೌಕಾಸಿಯ ಮೊಮ್ಮಕ್ಕಳೇ ಅಂತ ನನಗೆ ಅನ್ನಿಸುತ್ತದೆ.

ಹೆಸರಿನ ಈ ಪಕ್ಷಪಾತ ಕಿನಬಾಲುವಿನದು ಮಾತ್ರವಲ್ಲ. ಹಿಮಾಲಯದ ಹದಿನೈದನೇ ನಂಬರಿನ ಶಿಖರವೇ ಜಗತ್ತಿನಲ್ಲಿ ಅತಿ ಎತ್ತರದ್ದು ಎಂದು ಲೆಕ್ಕದಿಂದ ಕಂಡುಹಿಡಿದ ಕೀರ್ತಿ ಬಂಗಾಳದ ರಾಧಾನಾಥ್ ಸಿಕ್‌ದಾರ್ ಅವರಿಗೆ ಸಲ್ಲುತ್ತದೆ. 1865ರಲ್ಲಿ ಅದಕ್ಕೆ ಬಂದದ್ದು ಆ ಹೊತ್ತಿಗೆ ನಿವೃತ್ತನಾಗಿದ್ದ ಜಾರ್ಜ್ ಎವರೆಸ್ಟ್‌ನ ಹೆಸರು. ಎವರೆಸ್ಟ್ ತಾನೇ ಅದಕ್ಕೆ ಒಪ್ಪಿರಲಿಲ್ಲ ಅನ್ನುವುದು ತಮಾಷೆ.

ಕಿಯಾವು ಕಡೆಯ ಜನ ತಮ್ಮ ಬೆಟ್ಟವನ್ನು ಏನೆಂದು ಕರೆಯುತ್ತಾರೆ ಗೊತ್ತೇ? ಗಯೋ ನ್ಗಾರನ್. ಅರ್ಥ, ದೊಡ್ಡ ಹೆಸರು. ನಿಜವಾದ ಹೆಸರನ್ನು ಬಾಯಿ ಬಿಟ್ಟು ಹೇಳುವುದು ಮರ್ಯಾದೆಯಲ್ಲ, ಅದಕ್ಕೇ ದೊಡ್ಡ ಹೆಸರಿನವನು ಅನ್ನುವುದು. ಇದು ನಿಮಗೆ ವಿಚಿತ್ರ ಅನ್ನಿಸಿದರೆ ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡಿ, ತಾತನ ಹೆಸರು ಹೇಳು ಅಜ್ಜಿ ಅಂತ ಕೇಳಿ ನೋಡಿ. ಹಳೆಯ ಕಾಲದ ಅಜ್ಜಿಯಾದರೆ ನಗುತ್ತಾರೆ, ಅವರು, ಯಜಮಾನರು ಅನ್ನುತ್ತಾರೆ, ಪಕ್ಕದಲ್ಲಿರುವ ಮೊಮ್ಮಗುವಿನ ಬಾಯಲ್ಲಿ ಹೇಳಿಸುತ್ತಾರೆ, ತಾವಾಗಿ ಹೇಳುವುದಿಲ್ಲ. ಹೆಸರು ಹೇಳದಿರುವುದೇ ಗೌರವ ಅನ್ನುವ ಜನರ ಬೆಟ್ಟಕ್ಕೆ, ಹೆಸರು ಕೆತ್ತುವುದೇ ಗೌರವ ಅನ್ನುವ ಜನ ಬಂದರು. ಬಂಡೆ ಬಂಡೆಗೂ ರಾಣಿ, ರಾಜಕುಮಾರರ ಹೆಸರು ಅಂಟಿತು. ವಿಕ್ಟೋರಿಯಾ ಪೀಕ್ ಇದೆ, ಅಲೆಕ್ಸಾಂಡ್ರಾ ಪೀಕ್ ಇದೆ, ಕಿಂಗ್ ಎಡ್ವರ್ಡ್ ಪೀಕ್ ಇದೆ.

ಊರಿನವರ ಹೆಸರೂ ನಕ್ಷೆ ಸೇರಿದ್ದುಂಟು. ಪನಲಬಾನ್‌ನ ಒಂದು ವಸತಿಗೃಹಕ್ಕೆ ಗುಂಟಿಂಗ್ ಲಗಡಾನ್ ಎಂಬ ಹೆಸರಿಟ್ಟಿದ್ದರು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಹೊರಗಿನವರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಿದ್ದ ಕಿಯಾವು ಊರಿನ ಗೈಡ್ ಅವರು.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. 1961 ಮತ್ತು 1964ರಲ್ಲಿ ಪ್ರೊಫೆಸರ್ ಕಾರ್ನರ್ ಎಂಬ ಸಸ್ಯವಿಜ್ಞಾನಿಯ ನೇತೃತ್ವದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ತಂಡಗಳು ಬಂದವು. ಅವರ ಒತ್ತಾಯವೂ ಸೇರಿ 1964ರಲ್ಲಿ ಕಿನಬಾಲು ಪಾರ್ಕ್ ಆಯಿತು. 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಾಡು ಉಳಿಯಿತು, ಅದು ದೊಡ್ಡ ವಿಷಯ. ಜೊತೆಗೆ ಹಿರಿಯರ ಬೆಟ್ಟಕ್ಕೆ ಹೋಗಲು ಊರಿನವರಿಗೇ ಪರ್ಮಿಟ್ ಬೇಕಾಯಿತು. ತುಂಬ ವರ್ಷಗಳ ಮಾತುಕತೆಯ ನಂತರ 2010ರಲ್ಲಿ ಪಾರ್ಕಿನವರು ಒಂದು ದಿನ ಪ್ರವಾಸಿಗಳಿಗೆ ಬೆಟ್ಟ ಮುಚ್ಚಿ, ಊರಿನವರು ತಮ್ಮ ಗಯೋ ನ್ಗಾರನ್‌ಗೆ ತಾವೇ ಯಾತ್ರೆ ಹೋಗಲು ಅವಕಾಶ ಮಾಡಿಕೊಟ್ಟರು. ಮುದುಕರು, ಮಕ್ಕಳು ಎಲ್ಲ ನಡೆದರು. ಮನೆಯ ಬಾಗಿಲಲ್ಲಿರುವ ಬೆಟ್ಟ, ಅವರಲ್ಲಿ ಹಲವರಿಗೆ ಅದೇ ಮೊದಲ ಸಲ.

ಗೈಡ್ ಕೆಲಸ ಅಂದರೆ ದಾರಿ ತೋರಿಸುವುದು ಮಾತ್ರವಲ್ಲ. ಮೇಲಿನ ವಸತಿಗೃಹಗಳಿಗೆ ಬೇಕಾದ ಅಕ್ಕಿ, ಮೊಟ್ಟೆ, ಗ್ಯಾಸ್ ಸಿಲಿಂಡರ್ ಹೋಗುವುದು ಇದೇ ಊರುಗಳವರ ಬೆನ್ನಿನ ಮೇಲೆ. ವಕಿದ್ ಎಂಬ ಬಿದಿರಿನ ಬೆನ್ನುಬುಟ್ಟಿ ಅವರ ಮನೆಗಳಲ್ಲಿ ಇವತ್ತಿಗೂ ಇದೆ. ನೀವು ಏದುಸಿರು ಬಿಡುತ್ತಾ ಕೂತಿರುವಾಗ ನಿಮ್ಮ ಅಮ್ಮನ ವಯಸ್ಸಿನ ಹೆಂಗಸೊಬ್ಬರು ಮೂವತ್ತು ಕೆಜಿ ಹೊತ್ತು ಪಕ್ಕದಲ್ಲೇ ಹಾದುಹೋದರೆ ಆಶ್ಚರ್ಯಪಡಬೇಡಿ. ಗೈಡ್ ನಿಮ್ಮ ನಡಿಗೆ ನೋಡುತ್ತಿರುತ್ತಾರೆ, ಮಾತು ತೊದಲುತ್ತಿದೆಯೇ ಅಂತ ಕೇಳಿಸಿಕೊಳ್ಳುತ್ತಿರುತ್ತಾರೆ, ಆಕಾಶ ನೋಡುತ್ತಾರೆ. ಸಾಕು, ಇನ್ನು ಇಳಿಯೋಣ ಅನ್ನುವುದು ಅವರ ಕೆಲಸದ ಅತಿ ಕಷ್ಟದ ಭಾಗ, ಏಕೆಂದರೆ ದುಡ್ಡು ಕೊಟ್ಟು ಬಂದವರಿಗೆ ಆ ಮಾತು ಸೇರುವುದಿಲ್ಲ. 1994ರಲ್ಲಿ ಹತ್ತು ಜನರ ಬ್ರಿಟಿಷ್ ಸೈನ್ಯದ ತಂಡವೊಂದು ಲೋಸ್ ಗಲ್ಲಿಯ ಕಮರಿಗೆ ಇಳಿಯಲು ಹೋಯಿತು. ಐವರು ಹೇಗೋ ಹೊರಗೆ ಬಂದರು. ಉಳಿದ ಐವರು ವಾರಗಟ್ಟಲೆ ಒಳಗೇ ಸಿಕ್ಕಿಬಿದ್ದು, ಕೊನೆಗೆ ಹೆಲಿಕಾಪ್ಟರ್ ಬಂದು ಎತ್ತಿಕೊಂಡಿತು. ಸೈನಿಕರೇ ಹೀಗಾದರೆ ನಮ್ಮ ಜಿಪಿಎಸ್ ಮಾತು ಎಲ್ಲಿಗೆ ಬಂತು.

ಈಗ 2015. ಇದನ್ನು ಹೇಳದೆ ಈ ಬೆಟ್ಟದ ಕಥೆ ಪೂರ್ತಿಯಾಗುವುದಿಲ್ಲ.

ಮೇ 30, ಸಬಾದಲ್ಲಿ ಕಾಮಾತನ್ ಎಂಬ ಸುಗ್ಗಿ ಹಬ್ಬದ ದಿನ. ಅವತ್ತು ಹತ್ತು ಮಂದಿ ವಿದೇಶಿ ಪ್ರವಾಸಿಗಳು ಶಿಖರದ ಬಳಿ ಬಟ್ಟೆ ಬಿಚ್ಚಿ ಫೋಟೊ ತೆಗೆಸಿಕೊಂಡರು. ಆರು ದಿನದ ನಂತರ, ಜೂನ್ 5ರ ಬೆಳಿಗ್ಗೆ 7.15ಕ್ಕೆ, 6.0 ತೀವ್ರತೆಯ ಭೂಕಂಪ. ಬೆಟ್ಟ ಸಿಟ್ಟಾಗಿದೆ ಅಂದರು ಊರಿನವರು. ಪ್ರವಾಸಿಗಳಲ್ಲಿ ನಾಲ್ವರಿಗೆ ನ್ಯಾಯಾಲಯ ಮೂರು ದಿನದ ಸೆರೆ, ತಲಾ 5,000 ರಿಂಗಿಟ್ ದಂಡ ವಿಧಿಸಿತು. ಜಗತ್ತಿನ ಪತ್ರಿಕೆಗಳು ಬೆಟ್ಟದ ಸಿಟ್ಟಿನ ಮಾತನ್ನು ಹಿಡಿದುಕೊಂಡು ನಕ್ಕವು. ಭೂಮಿಯ ಒಳಗಿನ ಬಿರುಕುಗಳಿಂದ ಭೂಕಂಪ ಆಗುತ್ತದೆ, ಬಟ್ಟೆಯಿಂದಲ್ಲ. ಇದನ್ನು ಯಾರೂ ನಮಗೆ ಹೇಳಿಕೊಡಬೇಕಿಲ್ಲ. ಆದರೆ ನಕ್ಕವರು ಲೋ ಬುಟ್ಟಿ ನೋಡಿ ನಕ್ಕ ಹಾಗೆಯೇ ನಕ್ಕರು. ಭೂಕಂಪಕ್ಕೆ ಕಾರಣವಲ್ಲದಿದ್ದರೂ ಅವಮಾನ ಅವಮಾನವೇ ಅನ್ನುವುದು ಆ ಗಲಾಟೆಯಲ್ಲಿ ಕಳೆದುಹೋಯಿತು.

ಬೆಳಿಗ್ಗೆ 7.15 ಅಂದರೆ ಏನು ಅಂತ ಈಗ ನಿಮಗೆ ಗೊತ್ತು. ರಾತ್ರಿ ಹೊರಟವರು ಸೂರ್ಯೋದಯ ನೋಡಿ ಇಳಿಯುತ್ತಿರುವ ಹೊತ್ತು. ಬಂಡೆಗಳು ಉದುರಿದವು. ಕತ್ತೆಯ ಕಿವಿ ಎಂದು ಕರೆಯುವ ಶಿಖರದ ಒಂದು ಭಾಗ ಮುರಿದು ಬಿತ್ತು. ಪನಲಬಾನ್‌ನಿಂದ ಮೇಲೆ ಬಂಡೆಗೆ ಕಬ್ಬಿಣದ ಹಗ್ಗ, ಮೆಟ್ಟಿಲು ಬಿಗಿದು ಮಾಡಿದ ಇನ್ನೊಂದು ದಾರಿಯಿದೆ. ಅದರ ಮೇಲೆ ಸಿಂಗಾಪುರದ ಒಂದು ಪ್ರಾಥಮಿಕ ಶಾಲೆಯ, ಹನ್ನೆರಡರ ಆಸುಪಾಸಿನ ಮಕ್ಕಳಿದ್ದರು. ಒಟ್ಟು ಸತ್ತವರು 18 ಜನ. ಅವರಲ್ಲಿ ಆ ಶಾಲೆಯ ಏಳು ಮಕ್ಕಳು, ಇಬ್ಬರು ಶಿಕ್ಷಕರು, ಅವರ ಜೊತೆ ಸಿಂಗಾಪುರದಿಂದ ಬಂದಿದ್ದ ಒಬ್ಬ ತರಬೇತುದಾರ. ನಾಲ್ವರು ಸ್ಥಳೀಯ ಗೈಡ್‌ಗಳು.

ಬದುಕಿ ಮೇಲೆ ಸಿಕ್ಕಿಹಾಕಿಕೊಂಡವರು 137 ಚಾರಣಿಗರು. ದಾರಿ ಕುಸಿದಿತ್ತು, ಮತ್ತೆ ಮತ್ತೆ ನಡುಗುತ್ತಿತ್ತು. ಮೋಡ ಕವಿದು ಹೆಲಿಕಾಪ್ಟರ್ ಇಳಿಯಲಾಗಲಿಲ್ಲ. ಅವರನ್ನು ಗುಂಪುಗೂಡಿಸಿ, ಗಾಯಗೊಂಡವರನ್ನು ಹೊತ್ತು, ರಾತ್ರಿಯಿಡೀ ನಡೆಸಿ ಕೆಳಗೆ ಇಳಿಸಿದವರು ಗೈಡ್‌ಗಳು. ಕೆಳಗಿನ ಊರುಗಳಿಂದ ಬೇರೆ ಗೈಡ್‌ಗಳು ಮೇಲಕ್ಕೆ ಓಡಿದರು. ಯಾವ ಫಲಕವೂ ತೋರಿಸದ ದಾರಿ ಅವರಿಗೆ ಗೊತ್ತಿತ್ತು, ಏಕೆಂದರೆ ಫಲಕಗಳಿದ್ದ ದಾರಿಯೇ ಇರಲಿಲ್ಲ. ಗೈಡ್ ಯಾಕೆ ಅಂತ ಕೇಳಿದಿರಲ್ಲ, ಅದಕ್ಕೆ.

ಜೂನ್ 8ನ್ನು ಸಿಂಗಾಪುರ ರಾಷ್ಟ್ರೀಯ ಸ್ಮರಣೆಯ ದಿನ ಎಂದು ಆಚರಿಸಿತು. ಆಗ್ನೇಯ ಏಷ್ಯಾ ಕ್ರೀಡಾಕೂಟ ಅದೇ ವಾರ ಅಲ್ಲಿ ನಡೆಯುತ್ತಿತ್ತು. ಆಟದ ಅಂಗಳಗಳಲ್ಲಿ ಮೌನ ಆಚರಿಸಿದರು. ನಿಮ್ಮಲ್ಲಿ ಸಿಂಗಾಪುರದಲ್ಲಿ ಓದಿದ ಕೆಲವರು ಆಗ ಅದೇ ವಯಸ್ಸಿನವರಾಗಿದ್ದಿರಿ. ಆ ದಿನ ನೆನಪಿರಬಹುದು.

ಬೆಟ್ಟ ಮತ್ತೆ ತೆರೆದದ್ದು ಹಂತಹಂತವಾಗಿ. ಶಿಖರದವರೆಗಿನ ದಾರಿ ಅದೇ ವರ್ಷದ ಡಿಸೆಂಬರ್‌ನಲ್ಲಿ ತೆರೆಯಿತು. ಪನಲಬಾನ್‌ನಿಂದ ಮೇಲಿನ ಹಳೆಯ ದಾರಿ ಹಾಳಾಗಿದ್ದರಿಂದ ಹೊಸದಾಗಿ ಮೆಟ್ಟಿಲು ಹೂಡಿ, ಹಗ್ಗ ಬಿಗಿದು ಬೇರೆ ದಾರಿ ಮಾಡಬೇಕಾಯಿತು. ಗೆಳೆಯರನ್ನು ಕಳೆದುಕೊಂಡ ಗೈಡ್‌ಗಳು ಅದೇ ಬಂಡೆಯ ಮೇಲೆ ಮರಳಿ ಕೆಲಸಕ್ಕೆ ನಿಂತರು. ರಾತ್ರಿ ಎರಡು ಗಂಟೆಗೆ ಹಣೆಗೆ ಟಾರ್ಚ್ ಕಟ್ಟಿಕೊಂಡು ಇವತ್ತು ನೀವು ಹತ್ತುವುದು ಆ ಹೊಸ ದಾರಿಯಲ್ಲೇ. ಅದಕ್ಕೆ ಯಾವ ಅಧಿಕಾರಿಯ ಹೆಸರೂ ಇಟ್ಟಿಲ್ಲ. ಕೆಳಗಿರುವ ಊರಿನ ಹೆಸರು, ರಾನಾವ್ ಟ್ರೇಲ್.